ನಿಂಬೆಹೋಳು ಮತ್ತು ಬಿಳಿ ಮರಳು

ಸೊಲ್ಲಾಪುರದಲ್ಲಿ ಬಣ್ಣದ ಮೀನು ಮಾರುವ ಯೋಗಿರಾಜನ ಅಂಗಡಿಗೆ ಚಪಳಗಾಂವದ ರೇವಣ್ಣ ಎರಡನೇ ಸಲ ಬಂದಿದ್ದ. ಕುರಿ ಸಾಕುವ ಮನುಷ್ಯ. ಎರಡು ತಿಂಗಳ ಹಿಂದೆ ಮೊಮ್ಮಗಳ ಹಟಕ್ಕೆ ಗಾಜಿನ ತೊಟ್ಟಿ, ಹನ್ನೆರಡು ಟೆಟ್ರಾ ಮೀನು, ಐದು ಕಿಲೋ ಬಿಳಿ ಮರಳು ಒಯ್ದಿದ್ದ. ಮೂರು ವಾರಗಳಲ್ಲಿ ಮೀನೆಲ್ಲ ಸತ್ತವು.

ಆಗ ಫೋನ್ ಮಾಡಿದ್ದವಳು ಅವನ ಹೆಂಡತಿ ಜನಾಬಾಯಿ. ನೀರಿಗೆ ಏನು ಹಾಕಿದ್ದೀರಿ ಎಂದು ಯೋಗಿರಾಜ ಕೇಳಿದ. ಮನೆಗೆ ಹೊಸದೇನು ಬಂದರೂ ತಮ್ಮ ದೇವರು ಬೀರೋಬಾನ ಭಂಡಾರದ ಅರಿಸಿನ ಹಾಕುವುದು ಅವರ ಪದ್ಧತಿ. ಅವಳು ತೊಟ್ಟಿಗೂ ಒಂದು ಚಿಟಿಕೆ ಆ ಅರಿಸಿನ ಹಾಕಿದ್ದಳು.

"ಮುಗೀತು ಬಿಡ್ರಿ ಕಾಕು, ಮೀನಿಗಿ ಒಗ್ಗರಣಿ ಹಾಕೀರಿ," ಎಂದು ಯೋಗಿರಾಜ ನಕ್ಕಿದ್ದ.

ಈಗ ರೇವಣ್ಣ ಗಲ್ಲೆಯ ಮೇಲೆ ಒಂದು ಗಂಟು ಬಿಚ್ಚಿದ.

"ಶೇಟಜಿ, ಇದು ನಡೀತದೇನು ನೋಡ್ರಿ. ನಮ್ಮ ಹಳ್ಳದ ಉಸುಕು. ನೀರು ತಿಳಿ ಆಗೂಮಟ ತೊಳದೀನಿ."

"ಕಾಕು ಬರಲಿಲ್ಲೇನು?"

"ಆಕಿ ಭಂಡಾರದ ಚೀಲ ಮುಟ್ಟೂದ ಬಿಟ್ಟಾಳ್ರಿ. ಕುರಿ ಈದರೂ ಮರಿಗಿ ಹಚ್ಚವಲ್ಲಳು. ನನ್ನ ಕೈಲೆ ಜೀವ ಹೋದ್ವು ಅಂತಾಳ."

ಯೋಗಿರಾಜ ತಾನು ತಿನ್ನುತ್ತಿದ್ದ ಅವಲಕ್ಕಿಯ ತಾಟಿನಲ್ಲಿದ್ದ ನಿಂಬೆಹೋಳನ್ನು ಎತ್ತಿ ಹಳ್ಳದ ಮರಳಿನ ಮೇಲೆ ಹಿಂಡಿದ. ಅಲ್ಲಲ್ಲಿ ಬಿಳಿ ಹರಳುಗಳ ಸುತ್ತ ಸಣ್ಣ ನೊರೆ ಎದ್ದಿತು.

"ಇದರಾಗ ಸುಣ್ಣದ ಹರಳ ಅದಾವ, ಕಾಕಾ. ಸುಣ್ಣ ಕರಗಿದ್ರ ನೀರು ಗಡಸ ಆಗ್ತದ. ಟೆಟ್ರಾಕ್ಕ ಮೆತ್ತಗಿನ ನೀರ ಬೇಕು. ಹಳ್ಳೀ ಉಸುಕು ಕುರಿ ದೊಡ್ಡಿಗಿ ಹಾಕ್ರಿ."

ಬಿಳಿ ಮರಳಿನ ಚೀಲ ಹಿಡಿದು ನಿಂತಿದ್ದ ನಿತಿನ ಎಂಬ ಗಿರಾಕಿ ನಕ್ಕ. ರೇವಣ್ಣನೂ ತುಸು ನಕ್ಕ.

"ಖರೆ ಅದ. ಹಂಗಾರ ನಿಮ್ಮದರ ಮ್ಯಾಲೂ ಒಮ್ಮೆ ಹಿಂಡ್ರಿ. ಚೊಲೋ ಉಸುಕು ಹ್ಯಾಂಗಿರ್ತದ ತಿಳೀತದ."

ಅವನ ದನಿಯಲ್ಲಿ ಚುಚ್ಚುಮಾತಿರಲಿಲ್ಲ. ಯೋಗಿರಾಜ ಒಂದು ಹಿಡಿ ಬಿಳಿ ಮರಳು ತೆಗೆದು ಅದರ ಮೇಲೂ ನಿಂಬೆ ಹಿಂಡಿದ. ಹಿಡಿಯಷ್ಟೂ ಬುಸುಗುಟ್ಟಿತು. ಅದು ಅಮೃತಶಿಲೆಯ ಪುಡಿ, ಎಲ್ಲವೂ ಸುಣ್ಣದ ಕಲ್ಲೇ.

ನಿಂಬೆಯ ಪರೀಕ್ಷೆ ಅವನು ಅಂಗಡಿ ತೆರೆದ ಮೊದಲ ತಿಂಗಳಲ್ಲೇ ಕಲಿತದ್ದು. ಆರು ವರ್ಷಗಳಲ್ಲಿ ಬೇರೆಯವರು ತಂದ ಮರಳನ್ನೆಲ್ಲ ಪರೀಕ್ಷಿಸಿದ್ದ. ತಾನು ಮಾರುವುದನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಒಂದು ಚಿಟಿಕೆ ಅರಿಸಿನಕ್ಕೆ ತೊಟ್ಟಿಯ ಮೀನೆಲ್ಲ ಸಾಯುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ಇದು ನಮ್ಮದಕಿಂತ ಜೋರ ಅದಲ್ರಿ," ಎಂದ ರೇವಣ್ಣ, ಮೆಲ್ಲಗೆ.

ಈ ಚೀಲವೊಂದೇ ಹಾಗೆ ಎಂಬ ಮಾತು ಯೋಗಿರಾಜನ ನಾಲಿಗೆಯವರೆಗೆ ಬಂದಿತ್ತು. ನುಂಗಿಕೊಂಡ.

"ಕಾಕೂಗ ಫೋನ್ ಹಚ್ಚಿ ಕೊಡ್ರಿ," ಎಂದ.

ಇಬ್ಬರಿಗೂ ಬೆನ್ನು ಮಾಡಿ, ಸಣ್ಣ ದನಿಯಲ್ಲಿ ಹೇಳಿದ: "ಕಾಕು, ಭಂಡಾರದ್ದು ತಪ್ಪಿಲ್ಲ. ನಾ ಕೊಟ್ಟ ಉಸುಕ ಕೆಟ್ಟದಿತ್ತು."



"ಅವತ್ತ ನೀವು ನಕ್ಕಾಗ ನಮ್ಮ ಫೋನ್ ಸ್ಪೀಕರ್ ಮ್ಯಾಲಿತ್ತು," ಎಂದಳು ಜನಾಬಾಯಿ. "ಸೊಸಿ, ಮೊಮ್ಮಗಳು, ಬಾಜೂ ಮನಿಯವ್ರು ಎಲ್ಲಾರೂ ಕೇಳ್ಯಾರ. ತಡೀರಿ, ಕರೀತೀನಿ. ಇದನ್ನೂ ಹಂಗ ಹೇಳ್ರಿ, ಜೋರಾಗಿ."

ಯೋಗಿರಾಜ ಫೋನ್ ಕಿವಿಗೆ ಹಿಡಿದೇ ನಿಂತ. ಆ ಕಡೆ ಹೆಸರು ಹಿಡಿದು ಕೂಗುವುದು, ಕಾಲ್ಗೆಜ್ಜೆ, ಕುರಿಯ ದನಿ ಕೇಳುತ್ತಿದ್ದವು. ಈ ಕಡೆ ನಿತಿನ ಚೀಲ ಹಿಡಿದು ಅವನನ್ನೇ ನೋಡುತ್ತಿದ್ದ.

"ಬಂದಾರ. ಹೇಳ್ರಿ."

ಅವನು ಜೋರಾಗಿ ಹೇಳಿದ. ಮಾತು ಮುಗಿಯುವ ಮೊದಲೇ ನಿತಿನ ಚೀಲವನ್ನು ಗಲ್ಲೆಯ ಮೇಲಿಟ್ಟು, ತನ್ನ ಮನೆಯ ತೊಟ್ಟಿಗೆ ಇಲ್ಲಿಂದಲೇ ಒಯ್ದ ಮರಳಿನ ಬಗ್ಗೆ ಕೇಳಲು ಸರದಿ ಕಾಯುತ್ತ ನಿಂತ.