ಎರಡು ಗೀಟು ಕೆಳಗೆ

ನೋವು ಎಡಗಾಲಿನಲ್ಲಿತ್ತು. ಮೊಣಕಾಲಿನಿಂದ ಗೇಣು ಕೆಳಗೆ, ಚರ್ಮದ ಅಡಿಯಲ್ಲೇ ಕೈಗೆ ಸಿಗುವ ಮುಂಭಾಗದ ಮೂಳೆಯ ಮೇಲೆ, ಒಂದೇ ಒಂದು ಬೆರಳು ಹಿಡಿಸುವಷ್ಟು ಜಾಗ. ಅಲ್ಲಿ ಒತ್ತಿದರೆ ಮಿಡತೆ ತುಟಿ ಕಚ್ಚುತ್ತಿದ್ದಳು. ಬೆರಳು ತೆಗೆದ ಕೂಡಲೇ ನಗುತ್ತಿದ್ದಳು.

ಅವಳಿಗೆ ಮಿಡತೆ ಎಂದು ಹೆಸರಿಟ್ಟವಳು ಅಕ್ಕ. ನಡೆಯಲು ಕಲಿಯುವ ಮೊದಲೇ ಹಾರಲು ಹೊರಟಿದ್ದ ಮಗುವಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ಈಗ ಮಿಡತೆ ಉದ್ದ ಓಟದ ಓಟಗಾರ್ತಿ, ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಭಾನುವಾರದ ಆಯ್ಕೆ ಓಟದಲ್ಲಿ ಮೊದಲ ಮೂವರೊಳಗೆ ಬಂದರೆ ಮಿಡತೆ ರಾಜ್ಯ ತಂಡಕ್ಕೆ ಸೇರುತ್ತಿದ್ದಳು. ಕಳೆದ ಸಲ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. ಮುಂದಿನ ಸಲಕ್ಕೆ ವಯಸ್ಸು ಕಾಯುವುದಿಲ್ಲ ಎಂದು ಕೋಚ್ ಆಗಲೇ ಹೇಳಿಯಾಗಿತ್ತು.

ಅದಕ್ಕೇ ಓಟಕ್ಕೆ ಕೆಲವೇ ದಿನ ಇರುವಾಗ, ಮಧ್ಯಾಹ್ನ ರೋಗಿಗಳ ಸಾಲು ಕರಗಿದ ಹೊತ್ತಿನಲ್ಲಿ, ಅಕ್ಕ ಅವಳನ್ನು ತನ್ನ ಮೇಜಿನ ಮೇಲೆ ಮಲಗಿಸಿದಳು. ಅದು ಹಳೆಯ ಯಂತ್ರ. ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸಬೇಕು. ಕಿರಣದ ಬಲವನ್ನು ಗೊತ್ತುಮಾಡುವ ಗುಂಡಿಯ ಸುತ್ತ ಗೀಟುಗಳಿದ್ದವು. ದಪ್ಪ ಮೈಯವರಿಗೆ ಎಷ್ಟು, ಸಣಕಲರಿಗೆ ಎಷ್ಟು ಎಂಬುದು ಅಕ್ಕನ ಬೆರಳಿಗೇ ಗೊತ್ತಿತ್ತು. ತಂಗಿಯ ತೆಳ್ಳಗಿನ ಕಾಲನ್ನು ನೋಡಿ, ಅದಕ್ಕೆ ತಕ್ಕ ಗೀಟಿಗೆ ಗುಂಡಿ ತಿರುಗಿಸಿ, ಚಿತ್ರ ತೆಗೆದಳು.

ಫಿಲ್ಮ್ ಕಪ್ಪಗೆ ಬಂತು. ಬೆಳ್ಳಗೆ ಎದ್ದು ಕಾಣಬೇಕಿದ್ದ ಮೂಳೆ ಹೊಗೆಯ ಹಾಗೆ ಕಾಣುತ್ತಿತ್ತು. ತೊಳೆಯುವ ದ್ರಾವಣ ಸೆಕೆಗೆ ಬಿಸಿಯಾಗಿ ಫಿಲ್ಮನ್ನು ಕಪ್ಪಾಗಿಸಿರಬೇಕು ಎಂದುಕೊಂಡು ಅಕ್ಕ ಅದನ್ನು ಕೆಟ್ಟ ಫಿಲ್ಮುಗಳ ಡಬ್ಬಿಗೆ ಹಾಕಿದಳು. ಗುಂಡಿಯನ್ನು ಎರಡು ಗೀಟು ಕೆಳಕ್ಕಿಳಿಸಿ ಇನ್ನೊಂದು ತೆಗೆದಳು. ಅದು ಪುಸ್ತಕದಲ್ಲಿ ಅಚ್ಚು ಹಾಕಿಸುವಂತೆ ಬಂತು. ಮೂಳೆ ಡಾಕ್ಟರು ಅದನ್ನು ದೀಪಕ್ಕೆ ಹಿಡಿದು, ಬಿರುಕೇನೂ ಕಾಣುತ್ತಿಲ್ಲವೆಂದೂ ನೋವು ಹೋಗದಿದ್ದರೆ ಮತ್ತೆ ಕರೆತರಬೇಕೆಂದೂ ಹೇಳಿ, ಫಿಲ್ಮ್ ಬಹಳ ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡರು. ಆ ಮೆಚ್ಚುಗೆ ಅಕ್ಕನಿಗೆ ಸಂಜೆಯವರೆಗೂ ಹಿತವಾಗಿತ್ತು.

"ಏನೂ ಇಲ್ಲ, ಓಡು" ಎಂದು ತಂಗಿಗೆ ಹೇಳಿದಳು.

"ನಾನು ಆಗಲೇ ಹೇಳಿದ್ನಲ್ಲ. ನಿನಗೆ ನನ್ನ ಮಾತಿಗಿಂತ ಫೋಟೋ ಮೇಲೇ ನಂಬಿಕೆ" ಎಂದಳು ಮಿಡತೆ.

ಅಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಅವರ ತಕರಾರು ಕಾಲಿನದ್ದಲ್ಲ, ತಟ್ಟೆಯದು. ಊಟಕ್ಕೆ ಕೂತವಳು ಉಣ್ಣುವುದಕ್ಕಿಂತ ಬೆರಳಲ್ಲಿ ರಂಗೋಲಿ ಬಿಡಿಸುವುದೇ ಹೆಚ್ಚು ಎನ್ನುತ್ತಿದ್ದರು. ಮೈ ಹಗುರಾದಷ್ಟೂ ಓಟ ಹಗುರ ಎಂದು ಕೋಚ್ ಹೇಳಿದ್ದನ್ನು ಮಿಡತೆ ಮಂತ್ರದಂತೆ ಹಿಡಿದಿದ್ದಳು. ಮುಟ್ಟು ನಿಂತು ವರ್ಷ ಕಳೆಯುತ್ತ ಬಂದಿತ್ತು. ಅಕ್ಕ ಒಮ್ಮೆ ಅದನ್ನು ಕೇಳಿದಾಗ, ಓಡುವವರಿಗೆ ಅದೂ ಒಂದು ಅನುಕೂಲವೇ ಬಿಡು ಎಂದು ಮಿಡತೆ ನಕ್ಕಿದ್ದಳು. ಅಕ್ಕನೂ ಬಿಟ್ಟುಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಅಕ್ಕನಿಗೆ ಕೆಲಸವಿತ್ತು. ಓಟ ಮುಗಿಯುವಷ್ಟರಲ್ಲಿ ಬಿಡುವಾದರೆ ಮೈದಾನಕ್ಕೆ ಬರುತ್ತೇನೆಂದು ಹೇಳಿ ಬಂದಿದ್ದಳು. ಎಂಟು ಗಂಟೆ ದಾಟಿದ ಮೇಲೆ ಒಬ್ಬ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಂದರು. ಬಚ್ಚಲಲ್ಲಿ ಜಾರಿ ಕಾಲು ಊದಿಸಿಕೊಂಡಿದ್ದ, ಬೆನ್ನು ಬಾಗಿದ, ಬಾಯಿ ಮಾತ್ರ ಬಾಗದ ಅಜ್ಜಿ. ಮೇಜಿನ ಮೇಲೆ ಮಲಗಿಸುವಾಗ, ಈ ವಯಸ್ಸಲ್ಲಿ ಫೋಟೋ ತೆಗೆಸಿಕೊಳ್ಳುವ ಭಾಗ್ಯ ಬಂತು, ಸೀರೆಯಾದರೂ ಬದಲಾಯಿಸಿ ಬರುತ್ತಿದ್ದೆ ಎಂದಿತು.

ಅಕ್ಕ ಯಂತ್ರದ ಗುಂಡಿಗೆ ಕೈ ಹಾಕಿದಳು. ವಯಸ್ಸಾದವರ ಮೂಳೆಯಲ್ಲಿ ಸುಣ್ಣ ಕರಗಿರುತ್ತದೆ, ಕಿರಣ ಸಲೀಸಾಗಿ ತೂರಿಹೋಗಿ ಫಿಲ್ಮ್ ಕಪ್ಪಾಗುತ್ತದೆ. ಆದ್ದರಿಂದ ಬಲ ತಗ್ಗಿಸಬೇಕು. ಈ ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು; ಈಗ ಯೋಚಿಸಬೇಕಾದ ಅಗತ್ಯವೂ ಇಲ್ಲದೆ ಬೆರಳು ತಾನಾಗಿ ತಿರುಗಿತು. ಎರಡು ಗೀಟು ಕೆಳಗೆ ಬಂದು ನಿಂತಿತು.

ಅಕ್ಕ ಆ ಗೀಟನ್ನೇ ನೋಡಿದಳು. ಮೊನ್ನೆ ಇಲ್ಲೇ ನಿಲ್ಲಿಸಿದ್ದಳು.

ದ್ರಾವಣ ಬಿಸಿಯಾಗಿರಲಿಲ್ಲ. ಅದೇ ದ್ರಾವಣದಲ್ಲಿ ಅದೇ ದಿನ ತೊಳೆದ ಬೇರೆ ಯಾರ ಫಿಲ್ಮೂ ಕಪ್ಪಾಗಿರಲಿಲ್ಲ. ಓಡುವ ಹುಡುಗಿಯ ಕಾಲು, ನೆಲವನ್ನು ಗುದ್ದಿ ಗುದ್ದಿ ಗಟ್ಟಿಯಾಗಬೇಕಿದ್ದ ಮೂಳೆ, ಈ ಅಜ್ಜಿಯ ಮೂಳೆಯಂತೆ ಕಿರಣಕ್ಕೆ ದಾರಿ ಬಿಟ್ಟಿತ್ತು. ಆ ಕಪ್ಪು ಫಿಲ್ಮ್ ಕೆಟ್ಟಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ತೋರಿಸಿದ್ದು ಅದೊಂದೇ. ತಾನು ರೋಗವನ್ನು ತಿದ್ದದೆ ಚಿತ್ರವನ್ನು ತಿದ್ದಿ, ಅಂದವಾಗಿ ಡಾಕ್ಟರ ಕೈಗಿಟ್ಟಿದ್ದಳು.

ಮಿಡತೆ ವ್ಯಾಯಾಮ ಶಿಕ್ಷಣದ ಪರೀಕ್ಷೆಗೆ ಓದುತ್ತಿದ್ದಾಗ ಅಸ್ಥಿಪಂಜರದ ಕೆಲಸಗಳನ್ನು ಬಾಯಿಪಾಠ ಮಾಡಿಸಿದವಳೂ ಅಕ್ಕನೇ. ಮೈಗೆ ಆಸರೆ, ಸ್ನಾಯುಗಳು ಎಳೆದು ಓಡಿಸಲು ಸನ್ನೆಗೋಲು, ಗುಂಡಿಗೆಗೂ ಮಿದುಳಿಗೂ ಕಾವಲು, ಮಜ್ಜೆಯೊಳಗೆ ರಕ್ತದ ಹುಟ್ಟು. ಅಷ್ಟಕ್ಕೆ ಮಿಡತೆ ಪುಸ್ತಕ ಮಡಚುತ್ತಿದ್ದಳು. ಸುಣ್ಣದ ಉಗ್ರಾಣ ಎಂಬುದು ಪ್ರತಿಸಲ ಬಿಟ್ಟುಹೋಗುತ್ತಿತ್ತು. ಓಟಕ್ಕೂ ಅದಕ್ಕೂ ಏನು ಸಂಬಂಧ ಎಂದು ಅವಳ ವಾದ. ಹೊಟ್ಟೆಗೆ ಬರುವುದು ಕಡಿಮೆಯಾಗಿ ಮುಟ್ಟೂ ನಿಂತರೆ ಮೈ ಸುಮ್ಮನೆ ಆ ಉಗ್ರಾಣದ ಬಾಗಿಲು ತೆರೆಯುತ್ತದೆ. ಗೋಡೆಯನ್ನೇ ಕೆರೆದು ತಿನ್ನುತ್ತದೆ. ಆ ಗೋಡೆಯ ಮೇಲೆ ಅವಳು ಇವತ್ತು ಓಡುತ್ತಿದ್ದಳು. ಅದರಲ್ಲಿ ಕೂದಲಿನಂಥ ಬಿರುಕಿದ್ದರೂ ಮೊದಲ ವಾರಗಳಲ್ಲಿ ಎಕ್ಸ್‌ರೇಗೆ ಕಾಣದಿರಬಹುದು. ಇದೂ ಅಕ್ಕನಿಗೆ ಗೊತ್ತಿದ್ದದ್ದೇ.

"ಯಾಕಮ್ಮ, ಕಣ್ಣಲ್ಲಿ ನೀರು? ನನ್ನ ಕಾಲು ಅಷ್ಟು ಕೆಟ್ಟೋಗಿದೆಯಾ?" ಎಂದಿತು ಅಜ್ಜಿ.

ಅಜ್ಜಿಯನ್ನು ಅರ್ಧಕ್ಕೆ ಬಿಟ್ಟು ಓಡುವಂತಿರಲಿಲ್ಲ. ಅಕ್ಕ ಚಿತ್ರ ತೆಗೆದಳು. ಕತ್ತಲೆ ಕೋಣೆಯ ಕೆಂಪು ದೀಪದಡಿ ಫಿಲ್ಮ್ ತೊಳೆದು, ಹೊರಗೆ ಬಂದವಳೇ ತಂಗಿಗೆ ಫೋನ್ ಹಚ್ಚಿದಳು. ಆಫ್ ಆಗಿತ್ತು. ಕೋಚ್ ಫೋನ್ ರಿಂಗಾಗಿ ರಿಂಗಾಗಿ ನಿಂತಿತು. ಫಿಲ್ಮನ್ನು ಒದ್ದೆಯಾಗಿಯೇ ನರ್ಸಿನ ಕೈಗೆ ಕೊಟ್ಟು, ಏಪ್ರನ್ ಕೂಡ ಬಿಚ್ಚದೆ ಆಟೋ ಹತ್ತಿದಳು.

ಮೈದಾನ ಮುಟ್ಟುವಾಗ ಓಟ ಅರ್ಧ ಮುಗಿದಿತ್ತು. ಮಿಡತೆ ಮೂರನೆಯವಳಾಗಿದ್ದಳು. ದೂರದಿಂದ ಅವಳ ಓಟದಲ್ಲಿ ಕುಂದೇ ಇರಲಿಲ್ಲ. ಹತ್ತಿರ ಬಂದಾಗ ಅಕ್ಕನಿಗೆ ಸದ್ದು ಕೇಳಿಸಿತು. ಬಲಗಾಲು ತಟ್ ಎಂದು ಬೀಳುತ್ತಿತ್ತು, ಎಡಗಾಲು ಸದ್ದಿಲ್ಲದೆ, ಕದ್ದು ಇಟ್ಟ ಹಾಗೆ.

ಬೇಲಿಯ ಬಳಿ ಗಡಿಯಾರ ಹಿಡಿದು ನಿಂತಿದ್ದ ಕೋಚ್‌ಗೆ ಅಕ್ಕ ಏದುಸಿರಲ್ಲಿ ಎಲ್ಲ ಹೇಳಿದಳು. ಅವರು ಕಣ್ಣು ಓಟದಿಂದ ತೆಗೆಯಲಿಲ್ಲ.

"ಮೊನ್ನೆ ಏನೂ ಇಲ್ಲ ಅಂದವರು ನೀವೇ ಅಲ್ವಾ?"

"ನಾನೇ. ತಪ್ಪಾಯ್ತು ಸಾರ್. ನಿಲ್ಸಿ."

"ಇವತ್ತು ನಿಲ್ಸಿದ್ರೆ ಅವಳ ಆಟ ಇಲ್ಲಿಗೆ ಮುಗೀತು. ಮುರಿದೇ ಮುರಿಯುತ್ತೆ ಅಂತ ಬರ್ಕೊಡ್ತೀರಾ?"

ಹಾಗೆಂದು ಯಾರೂ ಹೇಳಲಾರರು. ಮುಂದಿನ ಹೆಜ್ಜೆಗೇ ಮುರಿಯಬಹುದು, ಗುರಿ ಮುಟ್ಟುವವರೆಗೂ ತಡೆಯಬಹುದು.

ಮಿಡತೆ ಮತ್ತೆ ತಿರುವಿನಲ್ಲಿ ಕಂಡಳು. ಅಕ್ಕನನ್ನು ನೋಡಿದಳು. ಅಕ್ಕ ಎರಡೂ ಕೈ ಬೀಸಿ ನಿಲ್ಲು ನಿಲ್ಲು ಎಂದು ಕೂಗಿದಳು. ಆ ಗದ್ದಲದಲ್ಲಿ ಏನು ಕೇಳಿಸಿತೋ, ಮಿಡತೆ ಗಲ್ಲ ಎತ್ತಿ, ಹುರುಪಿನಿಂದ ವೇಗ ಹೆಚ್ಚಿಸಿ ಎರಡನೆಯವಳ ಬೆನ್ನಿಗೆ ಬಿದ್ದಳು.

ಇಷ್ಟು ವರ್ಷ ಅಕ್ಕ ಪ್ರತಿ ಓಟದಲ್ಲೂ ಬೇಲಿಯಾಚೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಹೊರಗಿನವರು ಓಟಗಾರ್ತಿಯನ್ನು ಹಿಡಿದರೆ ನಿಯಮದಂತೆ ಅವಳ ಓಟ ಅಲ್ಲಿಗೇ ಮುಗಿಯುತ್ತದೆ. ಅಕ್ಕರೆಯಿಂದಲೂ ಕೈ ತಗಲಬಾರದೆಂದು ಮೊದಲ ದಿನವೇ ಮಿಡತೆ ಆಣೆ ಹಾಕಿಸಿಕೊಂಡಿದ್ದಳು. ಅಕ್ಕ ಬೇಲಿ ದಾಟಿದಳು. ಒಳಗಿನ ಪಥದ ನಡುವೆ ಹೋಗಿ ನಿಂತಳು. ಮುಂದಿನಿಬ್ಬರು ಬಯ್ಯುತ್ತ ಪಕ್ಕಕ್ಕೆ ಸರಿದು ಹೋದರು. ಮಿಡತೆಯ ಕಣ್ಣಲ್ಲಿ ಮೊದಲು ಗಲಿಬಿಲಿ, ಆಮೇಲೆ ಅರಿವು ಬಂತು. ವೇಗ ತಗ್ಗಿಸಿದಳು. ತಲೆ ಅಲ್ಲಾಡಿಸಿದಳು, ಬೇಡ ಎಂದು. ಅಕ್ಕ ಎರಡೂ ತೋಳು ಚಾಚಿ ಅವಳನ್ನು ಅಪ್ಪಿ ಹಿಡಿದಳು.

ತೋಳಿನೊಳಗೆ ಎಷ್ಟು ಕಡಿಮೆ ಮೈ ಇತ್ತು. ಪಕ್ಕೆಲುಬುಗಳು, ಅವುಗಳ ಹಿಂದೆ ಬಡಿದುಕೊಳ್ಳುವ ಗುಂಡಿಗೆ. ಅಧಿಕಾರಿ ಬಾವುಟ ಎತ್ತುತ್ತ ಓಡಿಬಂದ. ಮಿಡತೆ ಬಿಡಿಸಿಕೊಳ್ಳಲು ಅಕ್ಕನ ಭುಜಕ್ಕೆ ಗುದ್ದಿದಳು. ಆಮೇಲೆ ಗುದ್ದುವುದನ್ನೂ ನಿಲ್ಲಿಸಿದಳು.

ಮನೆಯಲ್ಲಿ ಅಕ್ಕ ಕಪ್ಪು ಫಿಲ್ಮಿನ ವಿಷಯವೆಲ್ಲ ಹೇಳಿದಾಗ ಮಿಡತೆ ಎದ್ದು ತನ್ನ ಕೋಣೆಗೆ ಹೋದಳು. ಮರುದಿನ ಮಧ್ಯಾಹ್ನ ತಾನಾಗಿ ಆಸ್ಪತ್ರೆಗೆ ಬಂದು, ಯಾರನ್ನೂ ಕೇಳದೆ ಮೇಜಿನ ಮೇಲೆ ಮಲಗಿದಳು.

"ಆ ಕಪ್ಪು ಫಿಲ್ಮ್ ಎಲ್ಲಿ?"

"ಆಗಲೇ ತಗೊಂಡು ಹೋದ್ರು. ಹಳೇ ಫಿಲ್ಮ್ ಕೊಳ್ಳೋರು."

"ಹಾಗಾದ್ರೆ ಇನ್ನೊಂದು ತೆಗಿ. ಈ ಸಲ ತಿದ್ದಬೇಡ."

ಅಕ್ಕ ಗುಂಡಿಯನ್ನು ವಯಸ್ಸಿಗೂ ಮೈಗೂ ತಕ್ಕ ಗೀಟಿಗೆ ತಿರುಗಿಸಿದಳು. ಕೈ ಕೆಳಕ್ಕೆ ಜಾರಲು ಹವಣಿಸುತ್ತಿತ್ತು, ತಡೆದಳು. ತೊಳೆದ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಾಗ ಇಬ್ಬರೂ ಅದರ ಮುಂದೆ ನಿಂತರು. ಕಪ್ಪಿನೊಳಗೆ ಮಾಸಿದ ಬೂದು ಬಣ್ಣದ ಒಂದು ಕಂಬ, ಅಂಚು ಎಲ್ಲಿ ಮುಗಿಯುತ್ತದೆಂದೇ ತಿಳಿಯದ ಹಾಗೆ.

"ಬಿರುಕು ಇದೆಯಾ?"

ಅಕ್ಕ ಹುಡುಕಿದಳು. ಇರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಇದ್ದರೆ ಓಟ ತಡೆದದ್ದು ಸರಿಯಾಗುತ್ತಿತ್ತು.

"ಇಲ್ಲ" ಎಂದಳು. "ಇದ್ರೂ ಇದರಲ್ಲಿ ಕಾಣ್ತಿಲ್ಲ."

"ಅಂದ್ರೆ ಓಡಿ ಮುಗಿಸಬಹುದಿತ್ತೇನೋ."

"ಮುಗಿಸಬಹುದಿತ್ತೇನೋ."

ಮಿಡತೆ ಮೇಜಿನ ಅಂಚನ್ನು ಹಿಡಿದುಕೊಂಡು ನಿಧಾನವಾಗಿ ಎಡಗಾಲಿನ ಭಾರವನ್ನು ಬಲಗಾಲಿಗೆ ದಾಟಿಸಿದಳು. ಅಕ್ಕ ಕೈ ನೀಡಿದಳು. ಮಿಡತೆ ಆ ಕೈಯನ್ನು ಹಿಡಿಯಲಿಲ್ಲ. ದೀಪದ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಗೋಡೆಗೆ ಆತುಕೊಂಡು, ಕುಂಟುತ್ತ ಮೂಳೆ ಡಾಕ್ಟರ ಕೋಣೆಯ ಕಡೆಗೆ ಹೊರಟಳು. ಅಕ್ಕ ಒದ್ದೆ ಫಿಲ್ಮನ್ನು ತುದಿಗಳಲ್ಲಿ ಹಿಡಿದು ಹಿಂದೆಯೇ ನಡೆದಳು.