ಅರ್ಧ ಸೆಕೆಂಡಿನ ಅಂತರ

ಕಾಕ್ಸ್ ಟೌನಿನ ಸಹಾಯವಾಣಿಯಲ್ಲಿ ಉಮ್ಮೆ ಕುಲ್ಸುಂ ಫೋನೆತ್ತಲು ತೊಡಗಿ ಆರು ವರ್ಷ. ಕ್ಯಾನ್ಸರ್ ರೋಗಿಗಳ ಮನೆಯವರು ಮನಸ್ಸು ಹಗುರ ಮಾಡಿಕೊಳ್ಳಲು ಕರೆಮಾಡುವ ಜಾಗವದು. ಶಿವಾಜಿನಗರದ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದ ಆಕೆಗೆ ಸುಮ್ಮನೆ ಕೂತು ಕೇಳುವುದು ಚೆನ್ನಾಗಿ ಒಲಿದಿತ್ತು.

ಅಂಥವರ ಮೇಲೇ ಈಗ ದೂರು. "ಮಾತಾಡಕ್ಕೇ ಬಿಡಲ್ಲ, ಮಧ್ಯೆ ಬಾಯಿ ಹಾಕ್ತಾರೆ ಅಂತಾರೆ. ಒಬ್ರಲ್ಲ, ನಾಕು ಜನ ಹೇಳಿದ್ರು," ಎಂದರು ಕೇಂದ್ರ ನೋಡಿಕೊಳ್ಳುವ ಪ್ರೇಮಕ್ಕ. ಆಮೇಲೆ ಮೆಲ್ಲಗೆ, "ಸುಸ್ತಾಗಿದ್ರೆ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮೇಡಂ."

ಕುಲ್ಸುಂ ವಾದಿಸಲಿಲ್ಲ. ಅವರಿಗೆ ಕೆ.ಆರ್. ಪುರದ ಅಂಬಣ್ಣನವರ ಕರೆ ನೆನಪಾಯಿತು. ಹೆಂಡತಿಯ ಕಾಯಿಲೆ ವಾಸಿಯಾಗುವುದಿಲ್ಲವೆಂದು ಡಾಕ್ಟರು ಆತನೊಬ್ಬರಿಗೇ ತಿಳಿಸಿದ್ದರು. "ಅವಳಿಗೆ ಹೇಳ್ಬೇಕಾ..." ಎಂದು ಆತ ಮಾತು ನಿಲ್ಲಿಸಿದ್ದರು. ಮೌನ ಕಂಡು ಕುಲ್ಸುಂ ಬಾಯಿ ತೆರೆದರೆ, ಆತನೂ ಅಷ್ಟರಲ್ಲಿ ಮಾತೆತ್ತಿದ್ದರು. ಮೂರು ಸಲ ಹಾಗಾಗಿ, "ಇರ್ಲಿ ಬಿಡಿ ಅಮ್ಮ," ಎಂದು ಫೋನಿಟ್ಟರು. ವಯಸ್ಸಾದಂತೆ ತನ್ನ ತಾಳ್ಮೆಯೇ ಕರಗುತ್ತಿದೆಯೇ ಎಂದು ಕುಲ್ಸುಂಗೆ ಅಳುಕು ಹುಟ್ಟಿತ್ತು.

ಆದರೂ ಟೀಚರ್ ಬುದ್ಧಿ. ರಿಜಿಸ್ಟರ್ ತೆಗೆದು ತಾರೀಖು ನೋಡಿದರು. ನಾಲ್ಕು ದೂರುಗಳೂ ಹೋದ ತಿಂಗಳು ಇಂಟರ್ನೆಟ್ ಫೋನ್ ಹಾಕಿಸಿದ ನಂತರದವು!

ಫೋನ್ ಲೈನ್ ನೋಡಿಕೊಳ್ಳುವ ಮುನಿರಾಜು ಮರ್ಫಿ ಟೌನಿನಿಂದ ಬಂದರು. ಕುಲ್ಸುಂ ಕೈಗೆ ರಿಸೀವರ್ ಕೊಟ್ಟು, ತಾವು ವೆರಾಂಡದಲ್ಲಿ ನಿಂತು ಮೊಬೈಲಿನಿಂದ ಕರೆಮಾಡಿದರು. ಕಿಟಕಿಯ ಗಾಜಿನಾಚೆ ಅವರ ತುಟಿ ಮುಚ್ಚಿದ ಮೇಲೆ ಕುಲ್ಸುಂ ಕಿವಿಗೆ "ಹಲೋ ಮೇಡಂ" ಬಂತು.

ಒಳಗೆ ಬಂದು ಮುನಿರಾಜು ಲ್ಯಾಪ್‌ಟಾಪ್ ಬಿಚ್ಚಿದರು. "ನಮ್ ವೈರೆಲ್ಲ ಸರಿಯಾಗಿದೆ. ಫೋನ್ ಕಂಪನಿ ಸರ್ವರ್‌ಗೆ ಪಿಂಗ್ ಕಳಿಸ್ತೀನಿ, ಹೋಗಿ ವಾಪಸ್ ಬರಕ್ಕೆ ಎಷ್ಟೊತ್ತು ನೋಡೋಣ." ಪರದೆಯಲ್ಲಿ ಸಾಲುಸಾಲಾಗಿ ಮುನ್ನೂರ ನಲವತ್ತು ಮಿಲಿಸೆಕೆಂಡಿನ ಆಸುಪಾಸಿನ ಅಂಕಿಗಳು ಮೂಡಿದವು. "ನಿಮ್ ಅಕೌಂಟ್ ಅಮೆರಿಕದ ಸರ್ವರ್‌ಗೆ ಹಾಕ್ಬಿಟ್ಟವ್ರೆ. ಫೋನಿನ ತಡಾನೂ ಸೇರಿದ್ರೆ ಹತ್ರ ಹತ್ರ ಅರ್ಧ ಸೆಕೆಂಡು. ಅವ್ರು ಮತ್ತೆ ಮಾತು ಶುರು ಮಾಡಿದ್ದು ನಿಮಗೆ ಕೇಳೋದ್ರೊಳಗೆ ನೀವೂ ಶುರು ಮಾಡಿರ್ತೀರಿ, ಯಾರೇ ಆದ್ರೂ ಮಧ್ಯೆ ಬಾಯಿ ಹಾಕ್ದಂಗೇ ಆಗತ್ತೆ. ನಿಮ್ದೇನೂ ತಪ್ಪಿಲ್ಲ ಮೇಡಂ."

ಚೆನ್ನೈ ಸರ್ವರ್‌ಗೆ ಬದಲಿಸಿದ ಮೇಲೆ ಅಂಕಿ ಹದಿನಾಲ್ಕಕ್ಕಿಳಿಯಿತು. ಪ್ರೇಮಕ್ಕ ನಾಚಿಕೊಂಡು ಕುಲ್ಸುಂ ಕೈ ಹಿಡಿದುಕೊಂಡರು. ಕುಲ್ಸುಂಗೆ ನಿರಾಳವೇನೋ ಆಯಿತು, ಆದರೆ ಪೂರ್ತಿಯಲ್ಲ. ತನ್ನ ತಪ್ಪಲ್ಲವೆಂಬುದು ತನಗೆ ಗೊತ್ತಾಯಿತು, ಆ ಕಡೆಯವರಿಗೆ ಯಾರು ಹೇಳಬೇಕು?

"ಅಂಬಣ್ಣೋರಿಗೆ ನಾವೇ ಫೋನ್ ಮಾಡೋಣ್ವಾ?" ಎಂದು ಕೇಳಿದರು.

ತಾವಾಗಿ ಕರೆಮಾಡುವ ಪದ್ಧತಿ ಅಲ್ಲಿರಲಿಲ್ಲ. ಪ್ರೇಮಕ್ಕ ಕ್ಷಣ ಯೋಚಿಸಿ ಆಗಲಿ ಎಂದು ತಲೆಯಾಡಿಸಿದರು.

ಕುಲ್ಸುಂ ನಡೆದದ್ದನ್ನೆಲ್ಲ ವಿವರಿಸಿ ಕ್ಷಮೆ ಕೇಳಿದಾಗ ಅಂಬಣ್ಣ, "ಅಯ್ಯೋ, ನಾನೇ ಜಾಸ್ತಿ ಮಾತಾಡಿ ನಿಮಗೆ ಬೇಜಾರ್ ಮಾಡ್ಬಿಟ್ಟೆ ಅಂದ್ಕೊಂಡಿದ್ದೆ ಅಮ್ಮ," ಎಂದರು.

"ಇಲ್ಲ. ಅವತ್ತು ಹೇಳಕ್ಕೆ ಬಂದಿದ್ದು ಈಗ ಹೇಳಿ."

ಆತ ಸುಮ್ಮನಾದರು. ಕುಲ್ಸುಂ ಕಾದರು. ಆಮೇಲೆ ಅಂಬಣ್ಣ ಮಾತಾಡಿದರು, ನಡುವೆ ಅತ್ತರು, ಮತ್ತೆ ಮಾತಾಡಿದರು. ಮುಕ್ಕಾಲು ಗಂಟೆಯಾದ ಮೇಲೆ, "ಸಾಯಂಕಾಲ ಅವಳಿಗೆ ಕಾಫಿ ಕೊಟ್ಟು ನಾನೇ ಹೇಳ್ತೀನಿ," ಎಂದರು.