ಒರೆಸದ ಸಾಲು

ನಲ್ಲಿಯ ನೀರು ತಣ್ಣಗಿದೆ, ಮುಷ್ಟಿಯೊಳಗೇ ಪುಡಿಯಾದ ಸೀಮೆಸುಣ್ಣ ಬೆರಳ ಸಂದಿಯಿಂದ ಹಾಲಿನ ಹಾಗೆ ಇಳಿದುಹೋಗುತ್ತಿದೆ, ಯಾವಾಗ ಪುಡಿ ಮಾಡಿದೆನೋ ನನಗೇ ಗೊತ್ತಿಲ್ಲ, ಆ ಹುಡುಗಿ ಬೋರ್ಡಿನ ಮುಂದೆ ಬಾಯಿ ಕಟ್ಟಿದವಳ ಹಾಗೆ ನಿಂತಾಗ ಇರಬೇಕು, ತೊಳೆದುಹೋಗಲಿ, ಹೊರೆ ಇಳಿಯಿತು — ಉಳಿಯಿತು, ನನ್ನ ಮಧ್ಯಾಹ್ನದ ತರಗತಿ ಉಳಿಯಿತು, ಮೊದಲ ಟೆಸ್ಟಿನಲ್ಲಿ ಫೇಲಾದವರನ್ನೆಲ್ಲ ಗಣಿತದಿಂದ ಎತ್ತಿ ಬೇರೆ ಯಾವುದಾದರೂ ವಿಷಯಕ್ಕೆ ಎಸೆಯಿರಿ ಎಂದು ವಿಭಾಗದ ಮುಖ್ಯಸ್ಥರು ಹಟ ಹಿಡಿದಾಗ, ಎಸೆಯೋಕೆ ಅವರೇನು ಕಸನಾ ಸರ್, ನನಗೆ ಕೊಡಿ, ಊಟದ ನಂತರ ಖಾಲಿ ಬಿದ್ದಿರುತ್ತಲ್ಲ ಆ ಮೂಲೆ ಕೋಣೆ, ಅದನ್ನೂ ಕೊಡಿ ಎಂದು ಜಗಳ ಕಾದು ಕಿತ್ತುಕೊಂಡ ತರಗತಿ. ಕೊಟ್ಟರು, ಆದರೆ ಷರತ್ತು ಹಾಕಿ ಕೊಟ್ಟರು, ವರ್ಷದ ಕೊನೆಗೆ ಹೊರಗಿನ ಪರೀಕ್ಷಕರು ಬರುತ್ತಾರೆ, ತಮಗೆ ತೋಚಿದ ಒಬ್ಬರನ್ನು ಬೋರ್ಡಿಗೆ ಕರೆಯುತ್ತಾರೆ, ಒಂದು ಲೆಕ್ಕ ಕೊಡುತ್ತಾರೆ, ಆಗಲಿಲ್ಲವೋ ಕೋಣೆಗೆ ಬೀಗ, ಹುಡುಗರೆಲ್ಲ ಗಣಿತದಿಂದ ಆಚೆಗೆ. ಒಬ್ಬರು ಎಡವಿದರೆ ಎಲ್ಲರೂ ಬಿದ್ದ ಹಾಗೆ, ಇದ್ಯಾವ ಸೀಮೆಯ ತರ್ಕ, ಒಂದೇ ಒಂದು ಉದಾಹರಣೆ ತೋರಿಸಿ ಪ್ರಮೇಯ ಸಾಧಿಸಿಬಿಟ್ಟೆ ಅನ್ನುವ ವಿದ್ಯಾರ್ಥಿಗೆ ಸೊನ್ನೆ ಹಾಕುವವರೂ ಇವರೇ ತಾನೇ — ಚೀಲದಲ್ಲಿ ಫೋನು ಗುರುಗುಟ್ಟುತ್ತಿದೆ, ತಂಗಿ, ಇನ್ಯಾರು, ಬೆಳಿಗ್ಗೆಯಿಂದ ಅದೇ ಮೆಸೇಜು, ಏನಾಯ್ತೇ ಅಕ್ಕಾ, ಏನಾಯ್ತೇ, ಬದುಕಿದ್ದೀಯೇನೇ, ತಾಳೇ ಮಾರಾಯ್ತಿ, ಕೈ ಒದ್ದೆ.

ಅವಳಿಗ್ಯಾಕೆ ಇಷ್ಟು ಆತುರ ಎಂದು ಬೇರೆಯವರು ಕೇಳಬಹುದು, ಕಣ್ಣಾಸ್ಪತ್ರೆಯಲ್ಲಿ ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ ಇದು ಚೆನ್ನಾಗಿ ಕಾಣ್ತಾ, ಅದು ಚೆನ್ನಾಗಿ ಕಾಣ್ತಾ ಎಂದು ಕೇಳುವವಳಿಗೆ ಕಾಲೇಜಿನ ಗಣಿತ ಯಾಕೆ, ನಾನು ಕೇಳುವುದಿಲ್ಲ, ನನಗೆ ಗೊತ್ತು. ನಾವಿಬ್ಬರೂ ಇದೇ ಕಾಲೇಜು, ನಾನು ಒಂದು ವರ್ಷ ಮುಂದೆ, ಇಬ್ಬರಿಗೂ ಇದೇ ಮುಖ್ಯಸ್ಥರು, ಆಗಲೂ ಅವರನ್ನು ಡಸ್ಟರ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು, ಬಲಗೈ ಬರೆಯುತ್ತ ಮುಂದೆ ಹೋದ ಹಾಗೆ ಎಡಗೈಯ ಡಸ್ಟರು ಒರೆಸುತ್ತ ಹಿಂದೆ ಬರುತ್ತಿತ್ತು, ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋದ ಹಾಗೆ, ಸಾಲು ನಮ್ಮ ಕಣ್ಣಿಗೆ ಸಿಗುವ ಮೊದಲೇ ಮಾಯ, ಉಳಿಯುತ್ತಿದ್ದದ್ದು ಕೊನೆಯ ಉತ್ತರ ಒಂದೇ, ಕೆಳಗೆ ಎರಡು ಗೆರೆ, ಗಣಿತ ಅಂದ್ರೆ ಶುಚಿಯಾಗಿರ್ಬೇಕು ಕಣ್ರಮ್ಮಾ. ಬೆವರದೆ, ಎಡವದೆ, ಆಕಾಶದಿಂದ ಇಳಿದು ಬಂದದ್ದು ಅಂತಲೇ ನಂಬಿದ್ದೆವು, ನಾವಿಬ್ಬರೇ ಬೆವರುವವರು ಎಂದು ನಾಚಿಕೊಂಡಿದ್ದೆವು. ಮತ್ತೆ ಆ ದಿನ, ತಂಗಿಯನ್ನು ಬೋರ್ಡಿಗೆ ಕರೆದ ದಿನ, ಬಾಗಿಲ ಹೊರಗೆ ನಾನು ಊಟದ ಡಬ್ಬಿ ಹಿಡಿದು ಕಾಯುತ್ತಿದ್ದೆ, ನನ್ನ ತಂಗಿ, ಜಡೆ ಹೆಣೆಯುತ್ತ ಹೆಣೆಯುತ್ತ ನನ್ನ ಲೆಕ್ಕಗಳನ್ನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದವಳು, ಬೋರ್ಡು ತುಂಬ ಬರೆದಳು, ಅವರು ಬಂದರು, ಇದು ಇಲ್ಲಿ ತಪ್ಪು ಅನ್ನಲಿಲ್ಲ, ಮೇಲಿಂದ ಕೆಳಗೆ ಡಸ್ಟರು ಎಳೆದರು, ಹೋಗಿ ಕೂತ್ಕೋ, ಇದೆಲ್ಲ ನಿಮ್ಮಂಥೋರಿಗಲ್ಲ. ನಿಮ್ಮಂಥೋರು! ಯಾರು ಸ್ವಾಮೀ ನಮ್ಮಂಥೋರು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಾ, ಟ್ಯೂಷನ್ನಿನ ಮುಖ ನೋಡದವರಾ, ಪ್ರಶ್ನೆ ಕೇಳಲು ಎದ್ದು ನಿಂತು ಭಾಷೆ ಸಾಲದೆ ಕೂತವರಾ, ಒರೆಸುವುದಕ್ಕೆ ಕಾರಣ ಕೊಡಬೇಕಾಗಿಲ್ಲ ನೋಡಿ, ಅದೇ ಅಧಿಕಾರ, ಬರೆದವರು ಉತ್ತರ ಹೇಳಬೇಕು, ಒರೆಸಿದವರು ಕೈ ಝಾಡಿಸಿಕೊಂಡರೆ ಸಾಕು. ತಂಗಿ ಮತ್ತೆ ಆ ಪುಸ್ತಕ ಮುಟ್ಟಲಿಲ್ಲ. ಅಳಲೂ ಇಲ್ಲ. ಡಬ್ಬಿ ತೆರೆದು, ಉಪ್ಪು ಕಡಿಮೆ ಕಣೇ ಅಕ್ಕಾ ಅಂದಳು, ಅಷ್ಟೇ.

ಅದಕ್ಕೇ ಮೂಲೆ ಕೋಣೆಯಲ್ಲಿ ಮೊದಲ ದಿನವೇ ಡಸ್ಟರನ್ನು ಕಿಟಕಿಯ ಮೇಲೆ ಇಟ್ಟುಬಿಟ್ಟೆ, ಇಲ್ಲಿ ತಪ್ಪನ್ನ ಯಾರೂ ಒರೆಸಬಾರದು, ಸುತ್ತ ಒಂದು ಚೌಕ ಹಾಕಿ, ಹಾಗೇ ಬಿಡಿ, ಆಮೇಲೆ ಕೆಳಗಿನ ಸಾಲಿನಿಂದ ಮೇಲಕ್ಕೆ ಹತ್ತಿ, ಪ್ರತಿ ಸಾಲಿನ ಹತ್ತಿರ ನಿಂತು ಕೇಳಿ, ಇಲ್ಲಿ ನಾವು ಏನನ್ನ ನಂಬಿದ್ವಿ? ಮೊದಮೊದಲು ನಕ್ಕರು, ಕ್ಯಾಂಟೀನಿನ ಚಹಾ ಗುಟುಕರಿಸಿ ಮುಖ ಕಿವುಚಿ, ಇಲ್ಲಿ ನಾವು ಏನನ್ನ ನಂಬಿದ್ವಿ ಮಿಸ್ ಎಂದು ಅಣಕಿಸಿದರು, ಅಣಕಿಸುತ್ತಲೇ ಅಭ್ಯಾಸವಾಯಿತು, ಬೋರ್ಡು ಚೌಕಗಳಿಂದ ತುಂಬಿ ಹಳೇ ಗೋಡೆಯ ತೇಪೆಗಳ ಹಾಗೆ ಕಾಣುತ್ತಿತ್ತು, ಮುಖ್ಯಸ್ಥರು ಒಮ್ಮೆ ಇಣುಕಿ, ಏನಮ್ಮಾ ಇದು, ಪಾಠವೋ ಪ್ರದರ್ಶನವೋ ಅಂದರು, ಪ್ರದರ್ಶನವೇ ಸರ್, ಒಳಗೆ ಬನ್ನಿ, ಟಿಕೆಟ್ ಇಲ್ಲ ಅಂದೆ, ಬರಲಿಲ್ಲ. ಇವತ್ತು ಬಂದರು, ಪರೀಕ್ಷಕಿಯ ಪಕ್ಕದ ಕುರ್ಚಿಯಲ್ಲಿ, ಮಡಿಲಲ್ಲಿ ತಮ್ಮದೇ ಡಸ್ಟರು, ಪರೀಕ್ಷಕಿ ಬೆಳ್ಳಗಿನ ಕೂದಲಿನ ಹೆಂಗಸು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕನ್ನಡಕ ಹುಡುಕುವಂಥವರು, ಎಲ್ಲರನ್ನೂ ಬಿಟ್ಟು ಬೆರಳು ತೋರಿಸಿದ್ದು ಯಾರಿಗೆ — ಎಲ್ಲರೂ ಪಿಸುಮಾತು ಅಂತ ಕರೆಯುವವಳಿಗೆ, ಅಯ್ಯೋ, ವರ್ಷವಿಡೀ ಪಕ್ಕದವಳ ಕಿವಿಯಲ್ಲಿ ಹೇಳಿ ಅವಳ ಬಾಯಿಂದ ನನಗೆ ಉತ್ತರ ಕೊಡಿಸಿದ ಹುಡುಗಿಗೆ, ಹೋಯ್ತು ಅಂದುಕೊಂಡೆ, ಎಲ್ಲಾ ಹೋಯ್ತು. ಲೆಕ್ಕ ಸುಲಭವಾಗಿ ಕಾಣುವಂಥದ್ದೇ, ವೈ ಅನ್ನೋದೊಂದು ಬದಲಾಗ್ತಾ ಇದೆ, ಅದು ಬದಲಾಗೋ ವೇಗ ಸದಾ ವೈಯ ವರ್ಗಕ್ಕೆ ಸಮ, ಹಾಗಿರೋ ಎಲ್ಲಾ ವೈಗಳನ್ನೂ ಹುಡುಕಮ್ಮಾ. ಎಲ್ಲಾ ಅನ್ನುವುದನ್ನು ಒತ್ತಿ ಹೇಳಲಿಲ್ಲ, ಜಾಣೆ ಪರೀಕ್ಷಕಿ. ಹುಡುಗಿ ಮೊದಲ ಸಾಲು ಬರೆದಳು, ಎರಡನೇ ಸಾಲಿನಲ್ಲಿ ಎರಡೂ ಕಡೆ ವೈ ವರ್ಗದಿಂದ ಭಾಗಿಸಿದಳು, ಭಾಗಿಸಬೇಡವೇ, ವೈ ಸೊನ್ನೆಯಾಗಿದ್ದರೆ, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ ಅಂತ ಎಷ್ಟು ಸಲ — ಬಾಯಿ ತೆರೆಯುವ ಹಾಗಿಲ್ಲ, ಕೆಮ್ಮಿದರೂ ಮೋಸ, ಪಕ್ಕಕ್ಕೆ ನೋಡಿದೆ, ಮುಖ್ಯಸ್ಥರಿಗೂ ಕಂಡಿದೆ, ತುಟಿಯ ಕೊನೆ ಮೇಲೆದ್ದಿದೆ, ಕಾಯುತ್ತಿದ್ದಾರೆ. ಅವಳು ಮುಂದುವರಿದಳು, ಮೂರನೇ ಸಾಲು, ನಾಲ್ಕನೇ ಸಾಲಿಗೆ ಉತ್ತರ, ಕೆಳಗೆ ಗೆರೆ ಎಳೆದು ತಿರುಗಿದಳು, ಪರೀಕ್ಷಕಿ, ಇಷ್ಟೇನಾ? ಅಷ್ಟೇ ಮಾತು. ಹುಡುಗಿಯ ಬಾಯಿ ಕಟ್ಟಿತು. ಮುಖ್ಯಸ್ಥರು ಎದ್ದರು, ಡಸ್ಟರು ಹಿಡಿದ ಎಡಗೈ ಮೇಲೆದ್ದಿತು, ಅದೇ ಕೈ, ಮೇಲಿಂದ ಕೆಳಗೆ ಎಳೆಯುವ ಅದೇ ಎತ್ತರಕ್ಕೆ, ನಾನು ಮತ್ತೆ ಬಾಗಿಲ ಹೊರಗೆ ಡಬ್ಬಿ ಹಿಡಿದು ನಿಂತಿದ್ದೇನೆ, ನನ್ನ ತಂಗಿಯ ಬೆನ್ನು ಕಾಣುತ್ತಿದೆ —

ಒರೆಸ್ಬೇಡಿ ಸರ್! ಯಾರ ಗಂಟಲು ಅದು, ಕೋಣೆಗೆ ಕೋಣೆಯೇ ಬೆಚ್ಚಿತು, ಪಿಸುಮಾತಿನ ಗಂಟಲು, ಒರೆಸ್ಬೇಡಿ, ತಪ್ಪು ಎಲ್ಲೋ ಇದೆ, ಅದು ನಂಗೆ ಬೇಕು. ಅದು ನಂಗೆ ಬೇಕು ಅಂದಳು, ತಪ್ಪನ್ನು, ಬಿದ್ದುಹೋದ ಓಲೆಯನ್ನು ಕೇಳುವ ಹಾಗೆ. ಮುಖ್ಯಸ್ಥರ ಕೈ ಗಾಳಿಯಲ್ಲೇ ನಿಂತಿತು. ಅವಳು ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟಳು, ಇಲ್ಲಿ ಏನನ್ನ ನಂಬಿದೆ, ಮೇಲಕ್ಕೆ, ಮೂರನೇದು, ಇಲ್ಲಿ ಏನನ್ನ ನಂಬಿದೆ, ಮೇಲಕ್ಕೆ, ಎರಡನೇದು, ಬೆರಳು ಅಲ್ಲೇ ನಿಂತಿತು, ನಿಂತೇ ಇತ್ತು, ಆಮೇಲೆ ಒಂದು ಸಣ್ಣ ನಗು, ಓಹ್, ವೈ ಸೊನ್ನೆ ಅಲ್ಲ ಅಂತ ನಂಬಿಬಿಟ್ಟೆ ಮೇಡಂ, ಯಾರೂ ಹೇಳಿರ್ಲಿಲ್ಲ, ನಾನೇ ನಂಬಿದೆ. ಸಾಲಿನ ಸುತ್ತ ಚೌಕ ಹಾಕಿದಳು, ಒಂದು ಮೂಲೆ ಸೊಟ್ಟ, ಪಕ್ಕದಲ್ಲಿ ಬರೆದಳು, ವೈ ಸದಾ ಸೊನ್ನೆಯೇ ಆಗಿದ್ರೆ ಅದರ ವೇಗವೂ ಸೊನ್ನೆ, ವರ್ಗವೂ ಸೊನ್ನೆ, ಸಮ, ಅದೂ ಒಂದು ಉತ್ತರ, ಭಾಗಿಸೋವಾಗ ಅದನ್ನ ಬೀಳಿಸ್ಕೊಂಡ್ ಬಂದಿದ್ದೆ. ಪರೀಕ್ಷಕಿ ಹಣೆಯ ಮೇಲಿನ ಕನ್ನಡಕ ಕೆಳಗಿಳಿಸಿ ಚೌಕವನ್ನೇ ನೋಡಿದರು, ಎಂ.ಎಸ್ಸಿ. ಮುಗಿಸ್ದೋರೇ ಇದನ್ನ ಬೀಳಿಸ್ಕೊಂಡು ಹೋಗ್ತಾರಮ್ಮಾ, ಹಿಂದಕ್ಕೆ ಬಂದು ಹೆಕ್ಕೋರು ಕಡಿಮೆ. ನಾನೂ ನೋಡಿದ್ದೆ, ಎರಡನೇ ಸಾಲಲ್ಲೇ ನೋಡಿದ್ದೆ — ಇದು ಮುಖ್ಯಸ್ಥರು. ಮತ್ಯಾಕೆ ಸುಮ್ನಿದ್ರಿ ಸರ್? ಇದು ನಾನು. ಅವಳಿಗೆ ಕಾಣುತ್ತಾ ಅಂತ. ಕಾಣ್ತಲ್ಲ, ತರಗತಿ ನಡೀಲಿ ಬಿಡಿ, ಎಂದು ಪರೀಕ್ಷಕಿ ಎದ್ದೇಬಿಟ್ಟರು. ಚೀರಾಟ, ಬೆಂಚು ಬಡಿತ, ಯಾರೋ ಪಿಸುಮಾತಿನ ಬೆನ್ನಿಗೆ ಗುದ್ದಿ, ಏನೇ, ಲೌಡ್‌ಸ್ಪೀಕರ್ ನುಂಗಿದ್ಯೇನೇ, ಅವಳು ಮತ್ತೆ ಪಕ್ಕದವಳ ಕಿವಿಗೆ ಬಾಯಿಟ್ಟು ಏನೋ ಹೇಳಿದಳು, ಪಕ್ಕದವಳು ನನಗೆ, ನೀರು ಬೇಕಂತೆ ಮಿಸ್. ಕುಡಿಯೇ ತಾಯಿ, ಕೆರೆ ಬೇಕಾದರೂ ಕುಡಿ.

ನಲ್ಲಿ ನಿಲ್ಲಿಸಿದೆ, ಕೈಯನ್ನು ಸೆರಗಿಗೆ ಒರೆಸಿಕೊಂಡೆ, ಕಾಲು ಹಗುರ, ಹಸಿವಾಗುತ್ತಿದೆ, ಬೆಳಿಗ್ಗೆಯಿಂದ ಇಲ್ಲದ ಹಸಿವು, ಕೋಣೆಗೆ ವಾಪಸು ಹೋಗುತ್ತೇನೆ, ಎಲ್ಲರೂ ಹೋಗಿದ್ದಾರೆ, ಕಿಟಕಿಯ ಬಿಸಿಲು ಬೋರ್ಡಿನ ಮೇಲೆ ಓರೆಯಾಗಿ ಬಿದ್ದಿದೆ, ಕಸ ಗುಡಿಸುವ ಅಮ್ಮ ಒದ್ದೆ ಬಟ್ಟೆ ಹಿಡಿದು ನಿಂತಿದ್ದಾರೆ, ಇದನ್ನೆಲ್ಲ ಒರೆಸ್ಲಾ ಮಿಸ್, ಬೇಡಮ್ಮಾ, ಇವತ್ತೊಂದಿನ ಇರ್ಲಿ, ಅಯ್ಯೋ ಇರ್ಲಿ ಬಿಡಿ, ನಂಗೂ ಕೆಲಸ ಕಡಿಮೆ. ಮೇಜಿನ ಮೇಲೆ ಮುಖ್ಯಸ್ಥರ ಡಸ್ಟರು, ಮರೆತರೋ, ಬಿಟ್ಟರೋ, ಕೇಳಲು ಹೋಗುವುದಿಲ್ಲ, ಅವರ ಮೇಲೆ ಕುದಿಯಲು ವರ್ಷಗಳಿಂದ ಉಳಿಸಿಟ್ಟ ಸಿಟ್ಟನ್ನೆಲ್ಲ ಹುಡುಕುತ್ತೇನೆ, ಇದೆ, ಎಲ್ಲಿಗೂ ಹೋಗಿಲ್ಲ, ನಾಳೆಯ ಮೀಟಿಂಗಿಗೆ ಬೇಕು, ಆದರೆ ಈಗ ಅದರ ಮೇಲೆ ಉಸಿರು ಬಂದು ಕೂತಿದೆ, ದೊಡ್ಡ ಉಸಿರು. ಫೋಟೋ ತೆಗೆದು ತಂಗಿಗೆ ಕಳಿಸಿದೆ, ಉಳೀತು ಕಣೇ, ನೋಡು, ಡಸ್ಟರ್ ಮೇಷ್ಟ್ರಿಗೆ ಒರೆಸೋಕೆ ಬಿಡ್ಲಿಲ್ಲ ಹುಡುಗಿ. ಫೋನು ಸುಮ್ಮನಿದೆ. ಯಾರದೋ ಮೂಗಿನ ಮೇಲೆ ಗಾಜು ಇಡುತ್ತಿರಬೇಕು, ಇಲ್ಲ, ಬರೆಯುತ್ತಿದ್ದಾಳೆ, ಚುಕ್ಕಿಗಳು ಬಂದು ಹೋಗುತ್ತಿವೆ, ಬಂದು ಹೋಗುತ್ತಿವೆ, ಬಂತು — ಚೆನ್ನಾಗಿ ಕಾಣ್ತಿದೆ ಕಣೇ ಅಕ್ಕಾ, ಎರಡನೇ ಸಾಲಲ್ವಾ, ನನ್ನ ತಪ್ಪು ಯಾವ ಸಾಲಿನಲ್ಲಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಯಾವ ಸಾಲಿನಲ್ಲಿತ್ತು. ಬಾರೇ, ಭಾನುವಾರ ಬಾ, ಕೋಣೆಯ ಬೀಗದ ಕೈ ನನ್ನ ಹತ್ತಿರವೇ ಇದೆ, ನೆನಪಿದ್ದಷ್ಟು ಬರಿ, ಕೆಳಗಿನಿಂದ ಹತ್ತೋಣ, ಎಂದು ಬರೆಯಬೇಕು, ಬರೆಯುತ್ತೇನೆ, ಒಂದು ನಿಮಿಷ, ಬಿಸಿಲು ಸರಿಯುತ್ತ ಬಂದು ಎರಡನೇ ಸಾಲಿಗೆ ಮುಟ್ಟಿದೆ, ಸುತ್ತ ಆ ಚೌಕ, ಒಂದು ಮೂಲೆ ಸೊಟ್ಟ, ಬಿಳೀ, ದಪ್ಪ, ಆ ಚೌಕ —